ಷರಾ ಕಲಮಿನಲ್ಲಿ ಉಳಿದ ಮನೆಗಳು

ಕ್ಯಾಲಿಫೋರ್ನಿಯಾದ ಪ್ರತಿ ನಗರ, ಪ್ರತಿ ಕೌಂಟಿ ಏಪ್ರಿಲ್ 1ರೊಳಗೆ ಹಿಂದಿನ ವರ್ಷದ ವಸತಿ ಲೆಕ್ಕವನ್ನು ರಾಜ್ಯದ ವಸತಿ ಇಲಾಖೆಗೆ ಒಪ್ಪಿಸಬೇಕು. ಎಷ್ಟು ಅರ್ಜಿ ಬಂತು, ಎಷ್ಟಕ್ಕೆ ಪರವಾನಗಿ ಸಿಕ್ಕಿತು, ಎಷ್ಟು ಮನೆ ವಾಸಕ್ಕೆ ಸಿದ್ಧವಾಯಿತು, ಅವು ಯಾವ ಆದಾಯದವರಿಗೆ ಎಂಬುದೆಲ್ಲ ಅದರಲ್ಲಿರಬೇಕು. ನಮೂನೆಯ ಕೋಷ್ಟಕಗಳಿಗೆ ಎ, ಬಿ, ಸಿ ಎಂದು ಹೆಸರು. ಎಫ್ ಕೋಷ್ಟಕ ದುರಸ್ತಿ ಮಾಡಿದ, ಉಳಿಸಿಕೊಂಡ, ಕೊಂಡುಕೊಂಡ ಹಳೆಯ ಮನೆಗಳದು. ಅದರ ನೆತ್ತಿಯ ಮೇಲೆಯೇ ಸೂಚನೆಯಿದೆ: ತುಂಬುವುದು ಐಚ್ಛಿಕ. ಒಂದು ಬದಿಗೆ, ಊರಿನ ಪಾಲಿಗೆ ನಿಗದಿಯಾದ ಮನೆಗಳ ಗುರಿಯ ಲೆಕ್ಕಕ್ಕೆ ಸೇರದ, ಮಾಹಿತಿಗಷ್ಟೇ ನಮೂದಿಸುವ ಮನೆಗಳು. ಇನ್ನೊಂದು ಬದಿಗೆ ಸೇರುವಂಥವು. ಎರಡನೆಯ ಬದಿ ತುಂಬಬೇಕೆಂದರೆ ಮೊದಲು ಇಲಾಖೆಯನ್ನು ಕೇಳಬೇಕು. ನಮ್ಮ ಕಚೇರಿಗಳ ಮಾತಿನಲ್ಲಿ ಹೇಳಿದರೆ, ರಿಪೇರಿಯಾದ ಮನೆಗೆ ಸಿಕ್ಕಿರುವುದು ಷರಾ ಕಲಂ.

ಈ ಲೆಕ್ಕದ ಮೂಲ 1969ರ ಕಾನೂನಿನಲ್ಲಿದೆ. ನಗರಗಳ ಮಹಾಯೋಜನೆಯಲ್ಲಿ ವಸತಿಗೆಂದೇ ಒಂದು ಅಧ್ಯಾಯ ಇರಬೇಕೆಂದು ಅದು ಹೇಳಿತು. 1980ರಲ್ಲಿ ಪ್ರತಿ ಊರಿಗೂ ಆದಾಯವರ್ಗದ ಪ್ರಕಾರ ಮನೆಗಳ ಪಾಲು ಹಂಚುವ ಪದ್ಧತಿ ಕಾನೂನಿಗೆ ಸೇರಿತು. ಪಾಲು ಎಂದರೆ ಹೊಸ ಮನೆ, ಅದಕ್ಕೆ ಬೇಕಾದ ಜಾಗ. ಕೊರತೆ ತುಂಬಲು ಹೊರಟವರು ಇದ್ದದ್ದನ್ನೇ ಎಣಿಸಿ ತೋರಿಸಿದರೆ ಒಪ್ಪುವುದು ಹೇಗೆ? ವಾದ ತಪ್ಪಲ್ಲ. ಆದರೆ ಇದ್ದ ಮನೆ ಕೈಬಿಟ್ಟುಹೋಗುವುದೂ ಕೊರತೆಯೇ ಎಂಬುದು ಆ ಲೆಕ್ಕಕ್ಕೆ ಹೊಳೆದಿರಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊಗೆ ಅದು ಬೀದಿಯಲ್ಲೇ ಗೊತ್ತಾಯಿತು. ನಗರ ನವೀಕರಣದ ಹೆಸರಿನಲ್ಲಿ ಫಿಲ್‌ಮೋರ್ ಬಡಾವಣೆಯ ಕಪ್ಪುಜನರ ಮನೆಗಳನ್ನು ಕೆಡವಿದ್ದಾಗಿತ್ತು. 1977ರ ಆಗಸ್ಟ್ 4ರ ನಸುಕಿನಲ್ಲಿ ಕಿಯರ್ನಿ ಬೀದಿಯ ಇಂಟರ್‌ನ್ಯಾಷನಲ್ ಹೋಟೆಲಿನಿಂದ ಫಿಲಿಪಿನೊ ಮತ್ತು ಚೀನೀ ವೃದ್ಧರನ್ನು ಪೊಲೀಸರು ಹೊರಹಾಕಿದರು. ಹೋಟೆಲು ಎಂದರೆ ನಾವು ತಿಂಡಿಗೆ ಹೋಗುವ ಜಾಗವಲ್ಲ. ಒಂದು ಕೋಣೆ, ಹೊರಗೆ ಎಲ್ಲರಿಗೂ ಒಂದೇ ಬಚ್ಚಲು, ತಿಂಗಳ ಬಾಡಿಗೆ. ಅದೇ ಜಾಗದಲ್ಲಿ ವೃದ್ಧರಿಗಾಗಿ ಹೊಸ ಕಟ್ಟಡ ಎದ್ದದ್ದು 2005ರಲ್ಲಿ. ನಡುವಿನ 28 ವರ್ಷಗಳಲ್ಲಿ ಆ ಬಾಡಿಗೆದಾರರಲ್ಲಿ ಬಹುತೇಕರು ತೀರಿಕೊಂಡಿದ್ದರು.

ಆ ಗಾಯ ಹಸಿಯಾಗಿರುವಾಗಲೇ, 1980ರ ದಶಕದ ಆರಂಭದಲ್ಲಿ, ಇಂಥ ಕೋಣೆಗಳನ್ನು ಪ್ರವಾಸಿಗಳ ಹೋಟೆಲು ಮಾಡುವುದಕ್ಕೆ, ಕೆಡವುವುದಕ್ಕೆ ನಗರ ಕಡಿವಾಣ ಹಾಕಿತು. ಎಷ್ಟು ಕೋಣೆ ವಾಸಕ್ಕೆ, ಎಷ್ಟು ಪ್ರವಾಸಿಗಳಿಗೆ ಎಂದು ಮಾಲೀಕರು ವರ್ಷವರ್ಷ ವರದಿ ಕೊಡಬೇಕಾಯಿತು. ಸುಮಾರು 500 ಕಟ್ಟಡಗಳ 19,000ದಷ್ಟು ಕೋಣೆಗಳು ಹೀಗೆ ಕಡತಕ್ಕೆ ಬಂದವು. ಕಟ್ಟಿದ್ದನ್ನಲ್ಲ, ಉಳಿದದ್ದನ್ನು ಎಣಿಸುವ ಅಭ್ಯಾಸ ಇಲ್ಲಿಂದ ಗಟ್ಟಿಯಾಯಿತು ಎಂದು ನನಗನ್ನಿಸುತ್ತದೆ.

ರಾಜ್ಯ ಇದಕ್ಕೆ ಕಿವಿಗೊಟ್ಟದ್ದು 1998ರಲ್ಲಿ. ಪುನರುಜ್ಜೀವಗೊಂಡ, ಪರಿವರ್ತಿತವಾದ ಅಥವಾ ಉಳಿಸಿಕೊಂಡ ಮನೆಗಳಿಂದಲೂ ಪಾಲಿನ 25% ವರೆಗೆ ತೋರಿಸಬಹುದೆಂದು ಕಾನೂನು ಬಂತು. ಬಾಗಿಲು ತೆರೆಯಿತು, ಆದರೆ ಎಂಥ ಬಾಗಿಲು! ಅಲ್ಪಸ್ವಲ್ಪ ಸುಣ್ಣಬಣ್ಣ ಸಾಲದು. ಮನೆ ವಾಸಯೋಗ್ಯವಲ್ಲದೆ ಕೈತಪ್ಪುವ ಹಂತದಲ್ಲಿರಬೇಕು. ನಗರ ತನ್ನ ಹಣವನ್ನು ಮೊದಲೇ ಬದ್ಧಗೊಳಿಸಿರಬೇಕು. ಬಾಡಿಗೆದಾರರನ್ನು ಸ್ಥಳಾಂತರಿಸಿದರೆ ಕನಿಷ್ಠ ನಾಲ್ಕು ತಿಂಗಳ ಬಾಡಿಗೆಯಷ್ಟು ನೆರವು, ಮರಳಿ ಬರುವ ಹಕ್ಕು ಕೊಡಬೇಕು. ಕಡಿಮೆ ಬಾಡಿಗೆಯ ಕರಾರು ದಶಕಗಳ ಕಾಲ ನಿಲ್ಲಬೇಕು. ಒಂದೊಂದು ಷರತ್ತೂ ನ್ಯಾಯವೇ. ಇವಿಲ್ಲದಿದ್ದರೆ ಇದ್ದವರನ್ನು ಓಡಿಸಿ, ಗೋಡೆಗೆ ಬಣ್ಣ ಹೊಡೆದು, ‘ಪುನರುಜ್ಜೀವ’ ಎಂದು ಬರೆದುಕೊಳ್ಳುವವರಿಗೆ ಬರವಿರುತ್ತಿರಲಿಲ್ಲ. ಎಲ್ಲವೂ ಒಟ್ಟಾದಾಗ ಮಾತ್ರ ಆ ಬಾಗಿಲು ಸೂಜಿಯ ಕಣ್ಣಾಗುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊದ ಯೋಜನಾ ಇಲಾಖೆ 1967ರಿಂದ ವಾರ್ಷಿಕ ವಸತಿ ಸಮೀಕ್ಷೆ ಪ್ರಕಟಿಸುತ್ತ ಬಂದಿದೆ. ಸೇವಾಸಂಸ್ಥೆಗಳು ಕೊಂಡು ರಿಪೇರಿ ಮಾಡಿದ ಮನೆಗಳಿಗೂ ಅದರಲ್ಲಿ ಒಂದು ಭಾಗ ಸೇರಿತು. ಈ ಲೆಕ್ಕಕ್ಕೆ ರಾಜಕೀಯ ಬಿಸಿ ತಾಗಿದ್ದು 2014ರಲ್ಲಿ. ಮೇಯರ್ ಎಡ್ ಲೀ 2020ರೊಳಗೆ 30,000 ಮನೆಗಳ ಮಾತು ಕೊಟ್ಟರು. ಆ ವರ್ಷದ ಮತದಾನದಲ್ಲಿ ‘ಕಟ್ಟುವ ಅಥವಾ ದುರಸ್ತಿ ಮಾಡುವ’ ಎಂಬ ಮಾತಿನೊಂದಿಗೆ ಆ ಗುರಿ ಗೆದ್ದಿತು. ಆ ‘ಅಥವಾ’ದಲ್ಲಿ ಎಷ್ಟೊಂದು ಮನೆಗೆ ಜಾಗ! ಒಕ್ಕೂಟ ಸರ್ಕಾರದ ಯೋಜನೆಯೊಂದರಲ್ಲಿ ನಗರದ ಸುಮಾರು 3,500 ಹಳೆಯ ಸಾರ್ವಜನಿಕ ಮನೆಗಳು ದುರಸ್ತಿಗೆ ನಿಂತಿದ್ದವು. ಮೇಯರ್ ಲೆಕ್ಕಕ್ಕೆ ಒಗ್ಗುವ ಮನೆ ರಾಜ್ಯದ ಲೆಕ್ಕಕ್ಕೆ ಒಗ್ಗಲೇಬೇಕೆಂದಿರಲಿಲ್ಲ.

ಮರುವರ್ಷ, 2015ರಲ್ಲಿ, ‘ವಸತಿ ಸಮತೋಲನ ವರದಿ’ ಎಂಬ ಹೊಸ ಕ್ರಮ ಬಂತು. ಹಿಂದಿನ ಹತ್ತು ವರ್ಷಗಳಲ್ಲಿ ಕಟ್ಟಿದ ಅಗ್ಗದ ಮನೆಗಳಿಗೆ ಕೊಂಡು ರಿಪೇರಿ ಮಾಡಿದವನ್ನು ಕೂಡಿಸಿ, ಬಾಡಿಗೆ ನಿಯಂತ್ರಣದ ರಕ್ಷಣೆ ಕಳೆದುಕೊಂಡ ಮನೆಗಳನ್ನು ಅದರಿಂದ ಕಳೆಯಬೇಕು. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಾಮಾಣಿಕವಾಗಿ ಕಾಣುವುದು ಈ ವ್ಯವಕಲನ. ಜಮೆ ತೋರಿಸುವ ಸರ್ಕಾರಗಳು ಬೇಕಾದಷ್ಟಿವೆ, ಖರ್ಚಿನ ಪುಟವನ್ನು ತಾವಾಗಿ ಬಿಚ್ಚುವವು ಅಪರೂಪ.

ಇತ್ತ ರಾಜ್ಯದ 2017ರ ಕಾನೂನುಗಳು ಇಲಾಖೆಗೆ ಒಪ್ಪಿಸುವ ವಾರ್ಷಿಕ ವರದಿಗೆ ಹಲ್ಲು ಕೊಟ್ಟವು. ಸ್ವಂತ ಸನದಿನ (ಚಾರ್ಟರ್) ನಗರಗಳಿಗೆ ವರದಿಯಿಂದ ಇದ್ದ ವಿನಾಯಿತಿ ಹೋಯಿತು. ಪಾಲು ಮುಟ್ಟದ ಊರಿನಲ್ಲಿ ನಿಯಮಕ್ಕೆ ಹೊಂದುವ ಯೋಜನೆಗಳನ್ನು ನಗರಸಭೆ ತಡೆಯುವಂತಿಲ್ಲ ಎಂದಾಯಿತು. ನಮ್ಮವರು ನೆಲೆಸಿರುವ ಸನಿವೇಲ್, ಫ್ರೀಮಾಂಟ್‌ಗಳೂ ಈ ವರದಿ ಕೊಡುವ ಸಾಲಿನಲ್ಲಿವೆ.

2021ರಲ್ಲಿ ಅದೇ ವರದಿಯಲ್ಲಿ ಎಫ್2 ಎಂಬ ಕೋಷ್ಟಕಕ್ಕೆ ದಾರಿಯಾಯಿತು. ಸುಸ್ಥಿತಿಯಲ್ಲಿರುವ ದುಬಾರಿ ಫ್ಲ್ಯಾಟನ್ನು ಮಧ್ಯಮ ಆದಾಯದವರಿಗೆಂದು 55 ವರ್ಷ ಕರಾರಿಗೆ ಒಳಪಡಿಸಿದರೆ ಅದು ಆ ವರ್ಗದ ಪಾಲಿನಲ್ಲಿ 25% ವರೆಗೆ ವಜಾ ಆಗುತ್ತದೆ. ಒಂದು ಮೊಳೆಯನ್ನೂ ಹೊಡೆಯಬೇಕಿಲ್ಲ. ಕುಸಿಯುತ್ತಿದ್ದ ಕಟ್ಟಡವನ್ನು ಎತ್ತಿ ನಿಲ್ಲಿಸಿದವರು ಈ ಕೋಷ್ಟಕ ನೋಡಿ ಏನೆಂದುಕೊಳ್ಳುತ್ತಾರೋ.

2023ರಿಂದ 2031ರ ಅವಧಿಗೆ ಸ್ಯಾನ್ ಫ್ರಾನ್ಸಿಸ್ಕೊ ಪಾಲಿಗೆ ಬಿದ್ದಿರುವುದು 82,069 ಮನೆಗಳು. ಅರ್ಧಕ್ಕಿಂತ ಹೆಚ್ಚು ಮಧ್ಯಮ ಮತ್ತು ಅದಕ್ಕಿಂತ ಕಡಿಮೆ ಆದಾಯದವರಿಗೆ. ಈ ನಡುವೆ ಸೇವಾಸಂಸ್ಥೆಯೊಂದು ಹಳೆಯ ಕಟ್ಟಡ ಕೊಂಡು, ಕೊಳಾಯಿ, ವೈರಿಂಗು ಬದಲಿಸಿ, ಭೂಕಂಪಕ್ಕೆ ತಡೆಯುವಂತೆ ಅಡಿಪಾಯ ಬಿಗಿಸುತ್ತದೆ. ಮೂರನೆಯ ಮಹಡಿಯ ಮುದುಕಿ ಅದೇ ಬಾಗಿಲಿಗೆ ಅದೇ ಬೀಗದ ಕೈ ಹಾಕಿ ಒಳಗೆ ಹೋಗುತ್ತಾಳೆ. ನಿವ್ವಳ ಹೆಚ್ಚಳದ ಕಲಮಿನಲ್ಲಿ ಗುಮಾಸ್ತ ಸೊನ್ನೆ ಬರೆಯುತ್ತಾನೆ.