ಸಾಸಿವಿ ಕಾಳಿನಂಥ ಗುಂಡು: ಬುಡಕೊಳೆ ರೋಗದ ಹಿಂದಿನ ಕಥಿ



ಹೋದ ವಾರ ಹಿರೇಕೆರೂರ ಕಡಿಂದ ಒಬ್ಬ ಅಣ್ಣಾರು ಫೋನ್ ಮಾಡಿದ್ದರು. "ಸೇವಂತಿಗಿ ಗಿಡ ಮುಂಜಾನೆ ಚಲೋ ಇರ್ತಾವ್ರಿ, ಮಧ್ಯಾಹ್ನ ಜೋತು ಬೀಳ್ತಾವು, ನಾಕು ದಿನಕ್ಕ ಒಣಗೇ ಹೋಗ್ತಾವು. ಏನ್ ಹೊಡಿಲಿರಿ?" ಅಂದರು. "ಹೊಡಿಯೋದು ಆಮ್ಯಾಲೆ ಇರ್ಲಿ, ಮೊದಲ ಬುಡದ ಮಣ್ಣು ಕೆದರಿ ನೋಡ್ರಿ" ಅಂದೆ. ಅರ್ಧ ತಾಸಿಗೆ ಫೋಟೋ ಬಂತು. ಬುಡದ ಸುತ್ತ ಬಿಳಿ ಅರಳಿಯಂಥ ಬೂಸ್ಟು, ಅದರಾಗ ಸಾಸಿವಿ ಕಾಳಿನಂಥ ಕಂದು ಗುಂಡುಗಳು. ಇದ ಸಾಸಿವಿ ಎರಡು ವರ್ಷದ ಹಿಂದ ನನ್ನ 20 ಗುಂಟೆ ಸೇವಂತಿಗಿ ತಿಂದಿತ್ತು.

ಅವತ್ತು ನಾನೂ ಅಂಗಡಿಗೆ ಓಡಿದ್ದೆ. ಕೊಟ್ಟ ಔಷಧ ಮೂರು ಸಲ ಹೊಡೆದೆ. ರೋಗ ಬುಡದಾಗ, ನಾ ಹೊಡದದ್ದು ಎಲಿ ಮ್ಯಾಲೆ. ದಸರಾ ಹೊತ್ತಿಗೆ ಅರ್ಧ ಹೊಲ ಖಾಲಿ. ಆಮೇಲೆ ಕುಂತು ಓದಿದೆ, ತಿಳಿದವರನ್ನ ಕೇಳಿದೆ. ಈ ರೋಗಕ್ಕ ದೊಡ್ಡ ಇತಿಹಾಸ ಐತಿ. ಅದನ್ನ ತಿಳಕೊಂಡಿದ್ದರ ನಾ ಮಾಡಿದ ತಪ್ಪು ಮಾಡ್ತಿರಲಿಲ್ಲ.

ಈ ಶಿಲೀಂಧ್ರದ ಹೆಸರು ಸ್ಕ್ಲೆರೋಷಿಯಂ ರೋಲ್ಫ್ಸಿ. 1892ರಾಗ ಅಮೆರಿಕಾದ ಫ್ಲೋರಿಡಾದಾಗ ರೋಲ್ಫ್ಸ್ ಅನ್ನೋ ವಿಜ್ಞಾನಿ ಟೊಮ್ಯಾಟೊ ಹೊಲದಾಗ ಇದನ್ನ ಗುರುತಿಸಿ ಬರೆದರು. 1911ರಾಗ ಇಟಲಿಯ ಸಕ್ಕಾರ್ಡೊ ಅವರ ಹೆಸರನ್ನೇ ಅದಕ್ಕ ಇಟ್ಟರು. ಇದು ಒಂದು ಬೆಳಿಗೆ ಸೀಮಿತ ಅಲ್ಲ. ಟೊಮ್ಯಾಟೊ, ಮೆಣಸಿನಕಾಯಿ, ಸುಗಂಧರಾಜ, ಸೇವಂತಿಗಿ, ನಮ್ಮ ಸವಣೂರಿನ ಎಲಿಬಳ್ಳಿ, ಕಡೀಕ ಶೇಂಗಾ, ಎಲ್ಲಾ ತಿಂತೈತಿ. ಆ ಸಾಸಿವಿ ಗುಂಡು ಅದರ ಬೀಜ ಇದ್ದಂಗ. ಗಿಡ ಸತ್ತರೂ ಅದು ಮಣ್ಣಾಗ ವರ್ಷಗಟ್ಟಲೆ ಕಾಯ್ತಾ ಕೂಡತೈತಿ. ನಾ ಸೇವಂತಿಗಿಗಿಂತ ಮೊದಲ ಆ ಹೊಲದಾಗ ಶೇಂಗಾ ಹಾಕಿದ್ದೆ. ಬೆಳಿ ಬದಲಿ ಮಾಡೇನಿ ಅಂತ ಹೆಮ್ಮಿ ಇತ್ತು. ರೋಗಕ್ಕ ಮಾತ್ರ ಊಟ ಬದಲಿ ಆಗಿದ್ದೇ ಇಲ್ಲ.

ಮಣ್ಣಿನ ರೋಗ ನಮ್ಮ ನಾಡಿಗೆ ಹೊಸದಲ್ಲ. ಮುಂಬೈ ಸರಕಾರದ ಕಾಲಕ್ಕ ಹಿರೇಕೆರೂರು ಇದ್ದದ್ದು ಕೋಡ ತಾಲೂಕಿನಾಗ, ಶಿಗ್ಗಾಂವಿ ಬಂಕಾಪುರ ತಾಲೂಕಿನಾಗ, ಸವಣೂರು ನವಾಬರ ಸಂಸ್ಥಾನ. ಆಗಿನ ಧಾರವಾಡ ಸೀಮಿಯ ಎರಿ ಹೊಲದಾಗ ಹತ್ತಿನೇ ರೊಕ್ಕದ ಬೆಳಿ. ಆ ಹತ್ತಿಗೆ ಸಿಡಿ ರೋಗ ಬಡೀತು. ಅದು ಫ್ಯುಸೇರಿಯಂ ಅನ್ನೋ ಬ್ಯಾರೆ ಶಿಲೀಂಧ್ರ, ಆದರ ಅದೂ ಮಣ್ಣಾಗಿಂದನ. ಎಕರೆಗಟ್ಟಲೆ ಮಣ್ಣಿಗೆ ಔಷಧ ಹಾಕೋದು ಆಗದ ಮಾತು. ಧಾರವಾಡದಾಗ ಹತ್ತಿ ತಳಿ ಕೆಲಸ ಮಾಡ್ತಿದ್ದ ಜಿ.ಎಲ್. ಕೊಟ್ಟೂರ ಅವರು ಹಾದಿ ಬದಲಿ ಮಾಡಿದರು. ಮಣ್ಣು ಬದಲಿಸೋಕ ಆಗದಿದ್ದರ ಬೀಜ ಬದಲಿಸೋಣ ಅಂತ, ಇಲ್ಲಿನ ಕುಮಟಾ ಹತ್ತಿಯಿಂದ ಆರಿಸಿ, ಕೂಡಿಸಿ, ಸಿಡಿ ತಡಕೊಳ್ಳೋ ಜಯವಂತ ಅನ್ನೋ ತಳಿ ಕೊಟ್ಟರು. ಹಿರೇರ ಬಾಯಾಗ ಆ ಹೆಸರು ಕೇಳಿದವರು ಇನ್ನೂ ಇರಬಹುದು.

ಎರಡನೇ ಹಾದಿ ತಾಮ್ರದ್ದು. ಫ್ರಾನ್ಸಿನ ಬೋರ್ಡೊ ಕಡೆ ದಾರಿ ಬದಿ ದ್ರಾಕ್ಷಿ ಕಳುವಾಗಬಾರದು ಅಂತ ರೈತರು ಮೈಲುತುತ್ತ, ಸುಣ್ಣ ಕಲಿಸಿ ಸಿಡಿಸ್ತಿದ್ದರು. ಆ ಸಾಲಿಗೆ ರೋಗ ಕಡಿಮಿ ಇದ್ದದ್ದನ್ನ ಮಿಲಾರ್ಡೆ ಅನ್ನೋ ಪ್ರಾಧ್ಯಾಪಕರು ನೋಡಿ, 1885ರಾಗ ಪ್ರಕಟ ಮಾಡಿದರು. ಅದೇ ಬೋರ್ಡೊ ದ್ರಾವಣ. 1908ಕ್ಕ ಮೈಸೂರಿಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನ ಮಲೆನಾಡಿನ ಅಡಿಕಿ ಕೊಳೆರೋಗಕ್ಕ ತಂದರು. ಹಾನಗಲ್ಲ ಕಡೆ ಅಡಿಕಿ ಇದ್ದವರು ಇವತ್ತಿಗೂ ಅದನ್ನೇ ಹೊಡೀತಾರ. ಆದರ ಕೊಳೆ ಅಂದ ಕೂಡಲೇ ಎಲ್ಲಾದಕ್ಕೂ ಅದ ಮದ್ದು ಅಂತ ತಿಳೀಬ್ಯಾಡ್ರಿ. ಸಾಸಿವಿ ಗುಂಡಿನ ರೋಗಕ್ಕ ಅದೊಂದನ್ನೇ ನಂಬಿದರ ಹೊಲ ಉಳಿಯಂಗಿಲ್ಲ.

ಮೂರನೇದು ಮುಳ್ಳನ್ನ ಮುಳ್ಳಿನಿಂದ ತೆಗೆಯೋದು. 1932ರಾಗ ವೀಂಡ್ಲಿಂಗ್ ಅನ್ನೋರು ಟ್ರೈಕೋಡರ್ಮಾ ಅನ್ನೋ ಹಸಿರು ಶಿಲೀಂಧ್ರ ರೋಗದ ಶಿಲೀಂಧ್ರಕ್ಕ ಸುತ್ತಿಕೊಂಡು ಅದನ್ನ ತಿನ್ನೋದನ್ನ ತೋರಿಸಿದರು. ಈಗ ಪಾಕೀಟಿನಾಗ ಸಿಗೋದು ಅದ.

ನಾಕನೇದು ಬಿಸಿಲು. ಇಸ್ರೇಲಿನ ಜೋರ್ಡಾನ್ ಕಣಿವಿಯಾಗ ಪ್ಲಾಸ್ಟಿಕ್ ಹಾಸಿದ ಮಣ್ಣು ಸಿಕ್ಕಾಪಟ್ಟಿ ಕಾಯ್ತೈತಿ ಅಂತ ಮೊದಲ ಗಮನಿಸಿದ್ದು ರೈತರು ಮತ್ತ ವಿಸ್ತರಣಾ ಕಾರ್ಯಕರ್ತರು. ಅದನ್ನ ಕಟಾನ್ ಅನ್ನೋ ವಿಜ್ಞಾನಿ ಪರೀಕ್ಷೆ ಮಾಡಿ 1976ರಾಗ ಬರೆದರು. ಮಾಗಿ ಉಳುಮಿ ಮಾಡಿ ಮಣ್ಣು ಬಿಸಿಲಿಗೆ ಬಿಡ್ರಿ ಅಂತ ನಮ್ಮ ಹಿರೇರು ಅಂತಿದ್ದರಲ್ಲ, ಅದರ ಮುಂದಿನ ಮೆಟ್ಟಿಲು ಇದು.

ಇಷ್ಟು ತಿಳಿದ ಮ್ಯಾಲೆ ನಾ ಮಾಡಿದ್ದು ಹೇಳ್ತೀನಿ. ಸತ್ತ ಗಿಡ ಬುಡದ ಮಣ್ಣಿನ ಸಮೇತ ಕಿತ್ತು ಸುಟ್ಟೆ. ಬದುವಿಗೆ, ತಿಪ್ಪಿಗೆ ಒಂದೂ ಒಗೀಲಿಲ್ಲ. ಆಳವಾಗಿ ಉಳುಮಿ ಮಾಡಿ ಮ್ಯಾಲಿನ ಮಣ್ಣು ಕೆಳಗ ಹಾಕಿದೆ. ಆ ಗುಂಡಿಗೆ ಗಾಳಿ ಬೇಕು, ಆಳದಾಗ ಮೊಳಿಯೋದು ಕಡಿಮಿ. ಒಂದು ಮಳೆಗಾಲ ಗೋವಿನಜೋಳ ಹಾಕಿದೆ. ಏಪ್ರಿಲ್, ಮೇ ತಿಂಗಳದಾಗ 5 ಗುಂಟೆಗೆ ನೀರು ಕೊಟ್ಟು, ತೆಳ್ಳನ ಪಾರದರ್ಶಕ ಹಾಳಿ ಹಾಸಿ, ಅಂಚಿಗೆ ಮಣ್ಣು ಒತ್ತಿ ಆರು ವಾರ ಬಿಟ್ಟೆ. ರೊಕ್ಕ ಅಷ್ಟಕ್ಕ ಮಾತ್ರ ಇತ್ತು. ಆಮ್ಯಾಲೆ ಪೂರ್ತಿ ಕಳಿತ ಗೊಬ್ಬರಕ್ಕ ಟ್ರೈಕೋಡರ್ಮಾ ಕೂಡಿಸಿ, ನೆರಳಾಗ ಹಸಿ ಇಟ್ಟು, ಹದಿನೈದು ದಿನದ ನಂತರ ಹಾಕಿದೆ. ಅರೆ ಕಳಿತ ಗೊಬ್ಬರ ಹಾಕಬ್ಯಾಡ್ರಿ, ರೋಗಕ್ಕ ಅದ ಹಬ್ಬದೂಟ. ನೀರು ನಿಲ್ಲದಂಗ ಏರುಮಡಿ ಮಾಡಿ ನಾಟಿ ಮಾಡೇನಿ. ಹಾಳಿ ಹಾಸಿದ 5 ಗುಂಟೆಯಾಗ ಇಲ್ಲೀಮಟ ಎರಡ ಗಿಡ ಹೋಗ್ಯಾವು. ಉಳಿದ ಕಡೆ ಇನ್ನೂ ಅಲ್ಲಲ್ಲಿ ಬೀಳ್ತಾವು. ಪೂರ್ತಿ ಗೆದ್ದೇನಿ ಅಂತ ಹೇಳಂಗಿಲ್ಲ.

ಕಡೀಗೆ ಒಂದು ಮಾತು, ಹೇಳಾಕ ನಾಚಿಕಿ ಬರತೈತಿ. ರೋಗ ಬಂದ ವರ್ಷನ, ಗೊತ್ತಾಗೋಕಿಂತ ಮೊದಲ, ಅದ ಹೊಲದಿಂದ ಮರಿ ಕಿತ್ತು ಮೂರು ಮಂದಿಗೆ ಪುಕ್ಕಟೆ ಕೊಟ್ಟಿದ್ದೆ. ಮುಂದ ಇಬ್ಬರ ಹೊಲದಾಗ ಅದ ಬಿಳಿ ಬೂಸ್ಟು ಕಾಣಿಸ್ತು. ಅವರ ಮನಿಗೆ ಹೋಗಿ ಹೇಳಿದೆ. ಒಬ್ಬ ಕಾಕಾ, "ಬಿಡೋ ತಮ್ಮಾ, ನೀ ಬೇಕಂತ ಕೊಟ್ಟಿಯೇನು" ಅಂದರು. ಇನ್ನೊಬ್ಬರು ಇನ್ನೂ ಮಾತಾಡಂಗಿಲ್ಲ. ಅವರ ಸಿಟ್ಟು ನ್ಯಾಯದ್ದ.

ಅದಕ್ಕ ಕೇಳ್ಕೋತೀನಿ: ರೋಗ ಬಂದ ಹೊಲದ ಮರಿ ಯಾರಿಗೂ ಕೊಡಬ್ಯಾಡ್ರಿ, ತಗೋಬ್ಯಾಡ್ರಿ. ಆ ಹೊಲದಾಗ ಆಡಿದ ಕುರ್ಚಗಿ, ಸಲಿಕಿ, ಟ್ರ್ಯಾಕ್ಟರ್ ಗಾಲಿ ತೊಳದ ಮುಂದಿನ ಹೊಲಕ್ಕ ಒಯ್ರಿ. ಗಿಡ ಜೋತು ಬಿದ್ದರ ಅಂಗಡಿಗೆ ಹೋಗೋಕಿಂತ ಮೊದಲ ಬುಡ ಕೆದರಿ ನೋಡ್ರಿ. ಸಾಸಿವಿ ಕಂಡರ ಮುಚ್ಚಿಡಬ್ಯಾಡ್ರಿ, ಬಾಜೂ ಹೊಲದವರಿಗೆ ಅವತ್ತ ಹೇಳ್ರಿ.