ಕಂಪ್ಲಿಯ ಅಕ್ಕಿ, ಕಾರವಾರದ ಮೀನು: ಆಹಾರದಲ್ಲಿನ ವಿಕಿರಣದ ಅಂದಾಜು

ಹೊಸಪೇಟೆಯ ಊಟಕ್ಕೆ ಕಂಪ್ಲಿಯ ಅಕ್ಕಿ, ಹಂಪಿ ಸುತ್ತಿನ ಬಾಳೆಹಣ್ಣು, ತುಂಗಭದ್ರಾ ಜಲಾಶಯದ ಮೀನು ಒದಗುತ್ತವೆ. ಅಂಕೋಲಾ–ಹುಬ್ಬಳ್ಳಿ ಹೆದ್ದಾರಿ ಹಿಡಿದರೆ ಕಾರವಾರದ ಕರಾವಳಿಯನ್ನೂ ತಲುಪಬಹುದು. ಇಂಥ ಆಹಾರದ ವಿಕಿರಣವನ್ನು ಅಳೆಯುವ ಕ್ರಮಕ್ಕೆ ಕರ್ನಾಟಕದಲ್ಲೇ ಒಳ್ಳೆಯ ಮಾದರಿಯಿದೆ: ಕೈಗಾ.

ಕಾಳಿ ನದಿ ದಂಡೆಯ ಈ ಅಣುಸ್ಥಾವರ ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 2000ದಲ್ಲಿ. ಅದಕ್ಕೂ ಮೊದಲೇ, 1990ರ ದಶಕದಲ್ಲಿ, ಮಂಗಳೂರು ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಆ ಪ್ರದೇಶದ ಸಹಜ ವಿಕಿರಣವನ್ನು ಅಳೆದಿದ್ದರು. ಈಗ ಭಾಭಾ ಅಣು ಸಂಶೋಧನಾ ಕೇಂದ್ರದ ಪರಿಸರ ಸಮೀಕ್ಷಾ ಪ್ರಯೋಗಾಲಯ ಸುತ್ತಲಿನ ನೀರು, ಹಾಲು, ಅಕ್ಕಿ, ಮೀನುಗಳನ್ನು ಪರೀಕ್ಷಿಸುತ್ತದೆ. ಮೊದಲಿನ ಲೆಕ್ಕ ಕೈಯಲ್ಲಿದ್ದರೆ ಮಾತ್ರ ಆಮೇಲೆ ಸೇರಿದ್ದೇನೆಂದು ಹೇಳಲು ಬರುತ್ತದೆ.

ಅಳೆಯುವ ಬಗೆ ಧಾತುವಿನಿಂದ ಧಾತುವಿಗೆ ಬೇರೆ. ಸೀಸಿಯಂ-137 ಮತ್ತು ಪೊಟ್ಯಾಸಿಯಂ-40 ಅಳೆಯಬೇಕಾದರೆ ತಿನ್ನುವ ಭಾಗವನ್ನಷ್ಟೇ ಬಿಡಿಸಿ, ಒಣಗಿಸಿ, ಬೂದಿಮಾಡಿ ಜರ್ಮೇನಿಯಂ ಶೋಧಕದಲ್ಲಿಡುತ್ತಾರೆ. ಮೊದಲನೆಯದರ ಗಾಮಾ ಕಿರಣ 662, ಎರಡನೆಯದರದು 1460 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಕಾಣುತ್ತದೆ. ಪೊಲೋನಿಯಂ-210ಕ್ಕೆ ಈ ದಾರಿ ನಡೆಯದು. ಹೆಚ್ಚು ಕಾಯಿಸಿದರೆ ಅದು ಆವಿಯಾಗಿ ಕೈತಪ್ಪುತ್ತದೆ. ಹಾಗಾಗಿ ಮೀನನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಬಳಿಕ ಹೈಡ್ರೋಕ್ಲೋರಿಕ್ ಆಮ್ಲದ ದ್ರಾವಣದಿಂದ ಬೆಳ್ಳಿ ಬಿಲ್ಲೆಯ ಮೇಲೆ ಪೊಲೋನಿಯಂ ಕೂರುವಂತೆ ಮಾಡಿ, ಆಲ್ಫಾ ಕಣಗಳನ್ನು ಎಣಿಸಬೇಕು.

ಇಷ್ಟು ಶ್ರಮ ಬೇಕೇ? ಖಂಡಿತ ಬೇಕು. ವಯಸ್ಕರ ದೇಹ ಸೇರಿದ ಒಂದು ಬೆಕೆರೆಲ್ (ಸೆಕೆಂಡಿಗೆ ಒಂದು ವಿಘಟನೆ) ಸೀಸಿಯಂ-137 ಕೊಡುವ ಡೋಸ್ 0.013 ಮೈಕ್ರೋಸೀವರ್ಟ್, ಅಷ್ಟೇ ಪೊಲೋನಿಯಂ-210 ಕೊಡುವುದು 1.2, ಅಂದರೆ ತೊಂಬತ್ತು ಪಟ್ಟಿಗೂ ಹೆಚ್ಚು. ಪಚ್ಚಿಲೆ ಎಂಬ ಕಡಲ ಚಿಪ್ಪುಜೀವಿಯಲ್ಲಿ, ಕರುಳುಸಹಿತ ತಿನ್ನುವ ಸಣ್ಣ ಮೀನುಗಳಲ್ಲಿ ಪೊಲೋನಿಯಂ ಶೇಖರವಾಗುತ್ತದೆ. ಇದು ಯುರೇನಿಯಂ ಸರಣಿಯ ಸಹಜ ಧಾತು. ಮೀನಿನಲ್ಲಿ ಕಂಡಿತೆಂದ ಮಾತ್ರಕ್ಕೆ ಅಣುಸ್ಥಾವರವನ್ನು ದೂರುವುದು ತಪ್ಪು.

ಬಾಳೆಹಣ್ಣಿನ ಬಗೆಗಿನ ಭಯವೂ ಅನಗತ್ಯ. ಅದರಲ್ಲಿರುವ ಪೊಟ್ಯಾಸಿಯಂನ ಪ್ರತಿ ಗ್ರಾಂನಲ್ಲಿ ಸುಮಾರು 31 ಬೆಕೆರೆಲ್ ಇದ್ದರೂ, ದೇಹ ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಹೊರಹಾಕುತ್ತದೆ.

ತುಂಗಭದ್ರಾ ಸೀಮೆಯಲ್ಲಿ ನಿಜವಾದ ತೊಡಕು ನೆಲದ್ದು. ಹಂಪಿಯದು ಗ್ರಾನೈಟ್, ಸಂಡೂರಿನದು ಕಬ್ಬಿಣ, ಮ್ಯಾಂಗನೀಸ್ ಹೊತ್ತ ಬೆಟ್ಟ, ಕಂಪ್ಲಿಯ ಗದ್ದೆಗೆ ಬೀಳುವ ಫಾಸ್ಫೇಟ್ ಗೊಬ್ಬರದಲ್ಲೂ ಅಲ್ಪ ಯುರೇನಿಯಂ ಇರುತ್ತದೆ. ಈ ಮೂರಕ್ಕೂ ಒಂದೇ ಸರಾಸರಿ ಹೊಂದದು. ಆಹಾರದ ಮೂಲಕ ಮನುಷ್ಯನಿಗೆ ವರ್ಷಕ್ಕೆ ಸೇರುವ ಸಹಜ ಡೋಸ್‌ನ ಜಾಗತಿಕ ಸರಾಸರಿ ಸುಮಾರು 0.3 ಮಿಲಿಸೀವರ್ಟ್. ಅದನ್ನು ಇಲ್ಲಿನ ಜನರಿಗೆ ಹಾಗೆಯೇ ಅಂಟಿಸದೆ, ಕೈಗಾದ ಕ್ರಮದಲ್ಲಿ ಊರೂರಿನ ಅಕ್ಕಿ, ಹಣ್ಣು, ಮೀನು ಅಳೆದು, ಮನೆಮನೆಯಲ್ಲಿ ಅವನ್ನು ಎಷ್ಟು ತಿನ್ನುತ್ತಾರೆಂದು ಕೇಳಿ, ಲೆಕ್ಕವನ್ನು ಕನ್ನಡದಲ್ಲೇ ಪ್ರಕಟಿಸುವ ಹೊಣೆಯನ್ನು ಈ ಭಾಗದ ವಿಶ್ವವಿದ್ಯಾಲಯಗಳು ಹೊರಬೇಕು.