ಆಕಾಶದ ಗೊಬ್ಬರ

ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ: ಇದು ನಮ್ಮ ಕಟಕೋಳದ ಕಡೆಯ ಎರೆಹೊಲಗಳ ಹಳೆಯ ಪದ್ಧತಿ. ಹೆಸರಿನ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಉಳಿದದ್ದು ಜೋಳಕ್ಕೆ ಸಲ್ಲುತ್ತದೆ. ಆ ಸೀಮೆಯವನಾದ ನನಗೆ ಸಾರಜನಕವೆಂದರೆ ಸದಾ ಸಾಲದ ವಸ್ತು. ಅದೇ ಅತಿಯಾಗಿ ನಗರದ ವನಗಳ ಮಣ್ಣಿಗೆ ಹೊರೆಯಾದ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ.

ಮಳೆಯಲ್ಲಿ ಬೀಳುವ ಅಮೋನಿಯಾವೇ ಬೆಳೆಗೆ ಸಾಕೆಂದು ಜರ್ಮನಿಯ ಲೀಬಿಗ್ ವಾದಿಸಿದ್ದರು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಜಮೀನುದಾರ ಲಾಸ್ ಮತ್ತು ರಸಾಯನಶಾಸ್ತ್ರಜ್ಞ ಗಿಲ್ಬರ್ಟ್ ಇದನ್ನು ಒಪ್ಪಲಿಲ್ಲ. 1853ರಲ್ಲಿ ಎಕರೆಯ ಸಾವಿರದಲ್ಲೊಂದು ಭಾಗದಷ್ಟು ವಿಸ್ತಾರದ ಮಳೆಮಾಪಕವನ್ನು ನಿಲ್ಲಿಸಿ, ಆಕಾಶದ ದಾನ ಅಲ್ಪವೆಂದು ತೋರಿಸಿದರು. 1856ರಲ್ಲಿ ಅವರು ಆರಂಭಿಸಿದ ಹುಲ್ಲುಗಾವಲಿನ ಪ್ರಯೋಗ ಇನ್ನೂ ನಡೆದಿದೆ. ಗೊಬ್ಬರ ಕಾಣದ ತಾಕುಗಳಲ್ಲಿ ಸುಮಾರು 40 ಬಗೆಯ ಸಸ್ಯಗಳಿವೆ; ಸುಣ್ಣವಿಲ್ಲದೆ ಅಮೋನಿಯಂ ಸಲ್ಫೇಟನ್ನೇ ಹೇರಳವಾಗಿ ಉಂಡು ಹುಳಿಯಾದ ತಾಕುಗಳಲ್ಲಿ ಎರಡೋ ಮೂರೋ. ಆದರೆ ಆ ಎರಡು ಮೂರು ಹುಲ್ಲುಗಳು ಮಾತ್ರ ಸೊಂಪಾಗಿವೆ!

1909ರಲ್ಲಿ ಹೇಬರ್ ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸಿದರು. ಇನ್ನೊಂದು ಕಾರ್ಖಾನೆ ಸದ್ದಿಲ್ಲದೆ ಬಂತು: ಮೋಟಾರು. (ಸದ್ದಿಲ್ಲದೆ ಎಂದಾಗ ಬೆಂಗಳೂರಿನವರು ನಕ್ಕಾರು.) ಅದರ ಎಂಜಿನ್ನಿನ ಕಾವಿನಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿಕೊಳ್ಳುತ್ತವೆ, ಎಲೆಯ ಮೇಲೂ ಮಣ್ಣಿನ ಮೇಲೂ ಇಳಿಯುತ್ತವೆ.

ಇದರ ಲೆಕ್ಕ ನ್ಯೂಯಾರ್ಕಿನಲ್ಲಿ ಸಿಕ್ಕಿತು. 1990ರ ದಶಕದಲ್ಲಿ ನಗರದೊಳಗಿನ ಓಕ್ ವನಗಳಲ್ಲಿ ಎಲೆಗಳಿಂದ ತೊಟ್ಟಿಕ್ಕುವ ನೀರನ್ನು ಹಿಡಿದು ನೋಡಿದಾಗ, ಹಳ್ಳಿಗಾಡಿನ ವನಗಳಿಗಿಂತ ಸುಮಾರು ಇಮ್ಮಡಿ ಸಾರಜನಕವಿತ್ತು. ಗಿಡ ಹೀರಿ ಮಿಕ್ಕದ್ದು ನೈಟ್ರೇಟಾಗಿ ಹರಿದು ಹೋಗುವಾಗ ಮಣ್ಣಿನ ಸುಣ್ಣದ ಅಂಶವನ್ನೂ ಮೆಗ್ನೀಸಿಯಮ್ಮನ್ನೂ ಕೊಂಡೊಯ್ಯುತ್ತದೆ. ಬೇರಿಗೆ ನೆರವಾಗುವ ಶಿಲೀಂಧ್ರಗಳು ಕ್ಷೀಣಿಸುತ್ತವೆ. ವಿಚಿತ್ರವೆಂದರೆ, ಕಟ್ಟಡಗಳ ಸುಣ್ಣದ ಧೂಳು ಆ ಹುಳಿಯನ್ನು ಕೊಂಚ ತಗ್ಗಿಸುತ್ತಿತ್ತು. ಒಂದು ಕೊಳೆಗೆ ಇನ್ನೊಂದು ಕೊಳೆಯೇ ಮದ್ದು.

ನಮ್ಮಲ್ಲಿ 1760ರ ಲಾಲ್‌ಬಾಗ್ ಇದೆ, 1870ರ ಕಬ್ಬನ್ ಉದ್ಯಾನವಿದೆ. ಸುತ್ತಲಿನ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಬೇರಿಲ್ಲದೆ ಗಾಳಿಯನ್ನೇ ನಂಬಿ ಬದುಕುವ ಕಲ್ಲುಹೂವು ಇಂಥ ಬದಲಾವಣೆಯ ಮೊದಲ ಸಾಕ್ಷಿ. ಲಾಲ್‌ಬಾಗಿನ ಕಲ್ಲುಹೂವುಗಳನ್ನು ಕುರಿತು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಂದಿನ ಪಟ್ಟಿಗೆ ಹೋಲಿಸಿದರೆ ಪ್ರಭೇದಗಳೇ ಬದಲಾಗಿದ್ದವು. ಲೋಹಗಳೂ ಅವುಗಳ ಒಡಲು ಸೇರಿದ್ದವು. ಅಲ್ಲಿ ಸಾರಜನಕದ ಪಾಲೆಷ್ಟು, ಸೀಸದ ಪಾಲೆಷ್ಟು ಎಂದು ಬೇರ್ಪಡಿಸಬೇಕಾದರೆ, ಲಾಸರ ಮಳೆಮಾಪಕದಂಥದೊಂದನ್ನು ಆ ಮರಗಳ ಕೆಳಗೆ ವರ್ಷಗಟ್ಟಲೆ ಇಟ್ಟು ಕಾಯಬೇಕು.